ಅಕ್ಷಿಪಟಲದ ತೆರೆಮರೆಯ ಕೋಶಗಳು



ಕಿರುತೆರೆಯ ಮೇಲೆ ನಿಮಗೆ ಕಾಣುವವರು ಒಬ್ಬಿಬ್ಬರು. ಅವರ ಹಿಂದೆ ದುಡಿಯುವವರು ಹತ್ತಾರು ಮಂದಿ. ನಮ್ಮ ಕಣ್ಣಿನೊಳಗೂ ಹೀಗೆಯೇ. ಎಳನೀರಿನ ಬುರುಡೆಯ ಒಳಮೈಗೆ ಗಂಜಿ ಅಂಟಿಕೊಂಡಿರುವಂತೆ, ಕಣ್ಣುಗುಡ್ಡೆಯ ಒಳಗೆ ಅಕ್ಷಿಪಟಲವೆಂಬ ತೆಳುಪದರ ಹರಡಿದೆ. ಅಲ್ಲಿ ಬೆಳಕನ್ನು ಗ್ರಹಿಸಿ ಮಿದುಳಿಗೆ ಸುದ್ದಿ ಮುಟ್ಟಿಸುವ ನರಕೋಶಗಳ ಬಗ್ಗೆ ನೀವು ಓದಿದ್ದೀರಿ. ಅವುಗಳ ಜೊತೆಗಿರುವ ಗ್ಲಿಯಾ ಕೋಶಗಳ ಬಗ್ಗೆ ಕೇಳಿದ್ದೀರಾ?

ಅಕ್ಷಿಪಟಲದ ಇಂಥ ಕೋಶಗಳನ್ನು 1851ರಲ್ಲಿ ಮೊದಲು ವರ್ಣಿಸಿದವನು ಜರ್ಮನಿಯ ಹೈನ್ರಿಕ್ ಮ್ಯೂಲರ್. ‘ಗ್ಲಿಯಾ’ ಎಂದರೆ ಗ್ರೀಕ್ ಭಾಷೆಯಲ್ಲಿ ಅಂಟು. ನರಕೋಶಗಳನ್ನು ಹಿಡಿದಿಡುವುದಷ್ಟೇ ಇವುಗಳ ಕೆಲಸವೆಂದು ಬಹುಕಾಲ ತಿಳಿಯಲಾಗಿತ್ತು. ಆದರೆ ನರಕೋಶಗಳಿಗೆ ಪೋಷಣೆ ಒದಗಿಸುವುದೂ ಕಸ ತೆಗೆಯುವುದೂ ಇವೇ. ಅಷ್ಟೇ ಅಲ್ಲ, ರಕ್ತನಾಳಗಳಿಗೆ ದಾರಿ ತೋರಿಸುವುದೂ ಇವೇ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟಗಳಿಗೆ ಕಾಲುವೆಯಲ್ಲಿ ನೀರು ಹಾಯಿಸುವುದನ್ನು ನೆನಪಿಸಿಕೊಳ್ಳಿ. ಮೊದಲು ಕಾಲುವೆ, ಆಮೇಲೆ ನೀರು. ಗರ್ಭದಲ್ಲಿರುವ ಮಗುವಿನ ಕಣ್ಣಿನಲ್ಲಿ ಆಸ್ಟ್ರೋಸೈಟ್ ಎಂಬ ಗ್ಲಿಯಾ ಕೋಶಗಳು ಮುಂದೆ ಹೋಗುತ್ತವೆ. ಆಮ್ಲಜನಕ ಸಾಲದ ಕಡೆ ವಿ.ಇ.ಜಿ.ಎಫ್. ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಅದರ ಜಾಡು ಹಿಡಿದು ರಕ್ತನಾಳಗಳು ಬೆಳೆಯುತ್ತವೆ. ಅವು ಅಕ್ಷಿಪಟಲದ ಅಂಚನ್ನು ಪೂರ್ತಿ ಮುಟ್ಟುವ ಹೊತ್ತಿಗೆ ಸುಮಾರು 40 ವಾರ ಆಗಿರುತ್ತದೆ.

ಮಗು ದಿನ ತುಂಬದೆ ಹುಟ್ಟಿದರೆ? ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಜೀವ ಉಳಿಸಲು ಕೊಡುವ ಆಮ್ಲಜನಕ ಹೆಚ್ಚಾದರೆ ಆ ಪ್ರೋಟೀನು ಕುಗ್ಗಿ, ನಾಳಗಳ ಬೆಳವಣಿಗೆ ತಡೆಯುತ್ತದೆ. ಕೆಲವು ವಾರಗಳ ನಂತರ, ಅಕ್ಷಿಪಟಲ ಬಲಿತು ಆಮ್ಲಜನಕದ ಬೇಡಿಕೆ ಏರಿದಾಗ, ನಾಳವಿಲ್ಲದ ಭಾಗದ ಗ್ಲಿಯಾ ಕೋಶಗಳು ಅದೇ ಪ್ರೋಟೀನನ್ನು ಮಿತಿಮೀರಿ ಸುರಿಸುತ್ತವೆ. ದುರ್ಬಲ ನಾಳಗಳು ಅಡ್ಡಾದಿಡ್ಡಿ ಹಬ್ಬುತ್ತವೆ. ಮುಂದೆ ಅವು ಗಾಯದ ಕಲೆಯಂತೆ ಗಟ್ಟಿಯಾಗಿ ಸೆಳೆದಾಗ ಅಕ್ಷಿಪಟಲವೇ ಕಳಚಿ, ಮಗು ಕುರುಡಾಗಬಹುದು.

ಹೊರನೋಟಕ್ಕೆ ಇದಾವುದೂ ತಿಳಿಯದು. ಆದುದರಿಂದ 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕಿಲೋಗ್ರಾಂಗಿಂತ ಕಡಿಮೆ ತೂಕದ ಮಗುವಿನ ಅಕ್ಷಿಪಟಲವನ್ನು ಹುಟ್ಟಿದ 30 ದಿನಗಳೊಳಗೆ ಪರೀಕ್ಷಿಸಬೇಕು. ತೀರ ಬೇಗ ಹುಟ್ಟಿದ್ದರೆ ಇನ್ನೂ ಮುಂಚೆ. ರೋಗ ಸಕಾಲದಲ್ಲಿ ಪತ್ತೆಯಾದರೆ ಲೇಸರ್ ಅಥವಾ ಚುಚ್ಚುಮದ್ದಿನಿಂದ ದೃಷ್ಟಿಯನ್ನು ಬಹುಮಟ್ಟಿಗೆ ಉಳಿಸಬಹುದು.

ಆದರೆ ಇದನ್ನು ಗುರುತಿಸಬಲ್ಲ ತಜ್ಞರು ಊರೂರಿನಲ್ಲಿ ಇರುವುದಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ‘ಕಿಡ್‌ರಾಪ್’ ಯೋಜನೆ ಆರಂಭಿಸಿದ್ದು ಈ ಕಾರಣಕ್ಕೇ. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರುಗಳ ಆಸ್ಪತ್ರೆಗಳಿಗೆ ಹೋಗಿ ಅಕ್ಷಿಪಟಲದ ಚಿತ್ರ ತೆಗೆಯುತ್ತಾರೆ; ದೂರದಲ್ಲಿರುವ ತಜ್ಞರು ಅಂತರ್ಜಾಲದ ಮೂಲಕ ಅದನ್ನು ನೋಡಿ ಸಲಹೆ ಕೊಡುತ್ತಾರೆ.

ನಿಮ್ಮ ಮನೆಯಲ್ಲೋ ನೆರೆಯಲ್ಲೋ ದಿನ ತುಂಬದ ಮಗು ಹುಟ್ಟಿದರೆ, “ಕಣ್ಣಿನ ಒಳಪರೀಕ್ಷೆ ಆಯಿತೇ?” ಎಂದು ಕೇಳಿ. ಬಾಣಂತಿ, ಹಸುಗೂಸು ತಿಂಗಳು ತುಂಬುವ ಮೊದಲು ಹೊಸ್ತಿಲು ದಾಟಬಾರದೆಂದು ಅಜ್ಜಿ ತಡೆದರೆ, ಈ ಕಾಲುವೆಯ ಕಥೆಯನ್ನು ಅವರಿಗೆ ವಿವರಿಸಿ. ತೋಟ ಕಂಡ ಹಿರಿಯರಿಗೆ ಅದು ಬೇಗ ಅರ್ಥವಾಗುತ್ತದೆ.