ಶಾಲಿನ ಋಣ ಮತ್ತು ಒಂದು ಹಾಜರಿ ಪುಸ್ತಕ

(ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಿಂದ ನಿವೃತ್ತರಾದ ಶಿಕ್ಷಕಿಯೋರ್ವರ ಸನ್ಮಾನ ಸಮಾರಂಭದಲ್ಲಿ ಮಾಡಿದ ಭಾಷಣ)



ಮೂವತ್ತನಾಲ್ಕು ವರ್ಷಗಳ ಸೇವೆಗೆ ಒಂದು ಶಾಲು, ಒಂದು ಹಾರ, ಒಂದು ಬುಟ್ಟಿ ಹಣ್ಣು. ನಾವು ಟೀಚರ್‌ಗೆ ಕೊಟ್ಟದ್ದು ಇಷ್ಟು. ಅವರು ನಮಗೆ ಕೊಟ್ಟದ್ದರ ಲೆಕ್ಕವನ್ನೂ ಇಂದು ಹೇಳಬೇಕಲ್ಲವೇ?

ಈ ಊರಿನ ಮುಸ್ಲಿಮ್ ಮನೆಗಳಿಂದ ಟಿ.ಸಿ.ಎಚ್. ಮುಗಿಸಿದ ಮೊದಲ ಹೆಣ್ಣುಮಗಳು ಅವರು. ಶಾಲೆಯ ಗಂಟೆ ಬಾರಿಸಿದೊಡನೆ ಅವರ ಕೆಲಸ ಮುಗಿಯುತ್ತಿರಲಿಲ್ಲ. ಸಂಜೆ ಕೊಡೆ ಹಿಡಿದು, ಎರಡು ಮೂರು ದಿನ ಶಾಲೆಗೆ ಬಾರದ ಮಕ್ಕಳ ಮನೆ ಹುಡುಕಿ ಹೊರಡುತ್ತಿದ್ದರು. ಅಂತಹ ಮಕ್ಕಳ ಹೆಸರುಗಳಿಗೆಂದೇ ಅವರ ಬಳಿ ಒಂದು ಪುಸ್ತಕವಿತ್ತು. ತಂದೆ ಗಲ್ಫ್‌ನಲ್ಲಿ, ತಾಯಿಯ ಮಡಿಲಲ್ಲಿ ಬೀಡಿಯ ಮೊರ, ಅದರ ಪಕ್ಕದಲ್ಲಿ ಎಲೆ ಕತ್ತರಿಸುತ್ತಾ ಕುಳಿತ ಹನ್ನೆರಡರ ಹುಡುಗಿ. ಟೀಚರ್ ಅಲ್ಲಿ ಉಪದೇಶ ಮಾಡುತ್ತಿರಲಿಲ್ಲ. ತಾವೂ ಕುಳಿತು ಎಲೆ ಕತ್ತರಿಸುತ್ತಾ ಮಾತು ಆರಂಭಿಸುತ್ತಿದ್ದರು.

ನಮ್ಮ ಮನೆಗೂ ಅವರು ಬಂದಿದ್ದರು. ಏಳನೇ ತರಗತಿಯ ಬಳಿಕ ನನ್ನನ್ನು ದರ್ಸ್‌ಗೆ ಕಳುಹಿಸಲು ತಂದೆ ತೀರ್ಮಾನಿಸಿದ್ದರು. "ಕಾಕಾ, ದರ್ಸ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಇವನ ಶಾಲೆಯ ಬಾಗಿಲನ್ನು ಮುಚ್ಚಬೇಡಿ" ಎಂದರು ಟೀಚರ್. ದರ್ಸ್‌ನಲ್ಲಿದ್ದುಕೊಂಡೇ ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಿದೆ, ಮುಂದೆ ಬಿ.ಎ. ಮಾಡಿದೆ. ನಾನು ಇಂದು ಈ ಮೈಕಿನ ಮುಂದೆ ನಿಂತಿರುವುದು ಆ ಒಂದು ಸಂಜೆಯ ಫಲ.

ಬಂಧುಗಳೇ, ಪ್ರವಾದಿಯವರಿಗೆ(ಸ) ಅವತೀರ್ಣವಾದ ಪ್ರಥಮ ಆಜ್ಞೆಯೇ ಓದಬೇಕೆಂಬುದು. ಹಿಜರಿ 2ರಲ್ಲಿ ನಡೆದ ಬದ್ರ್ ಯುದ್ಧದ ಕೈದಿಗಳ ಪೈಕಿ ವಿಮೋಚನಾ ಧನ ಕೊಡಲಾಗದ ಅಕ್ಷರಸ್ಥರಿಗೆ, ಮದೀನಾದ ಹತ್ತು ಮಕ್ಕಳಿಗೆ ಬರೆಯಲು ಕಲಿಸುವುದನ್ನೇ ಬಿಡುಗಡೆಯ ಬೆಲೆಯಾಗಿ ನಿಗದಿಪಡಿಸಲಾಯಿತೆಂದು ಚರಿತ್ರೆ ಗ್ರಂಥಗಳು ತಿಳಿಸುತ್ತವೆ. ಶತ್ರುವಿನಿಂದಲೂ ಅಕ್ಷರ ಕಲಿತ ಸಮುದಾಯ ನಮ್ಮದು. ಅದೇ ಸಮುದಾಯದ ಸ್ಥಿತಿ ನಮ್ಮ ದೇಶದಲ್ಲಿ ಏನಾಗಿತ್ತು? 2006ರ ಸಾಚಾರ್ ಸಮಿತಿಯ ವರದಿ ಹೇಳಿತು: 6ರಿಂದ 14 ವರ್ಷದ ಮುಸ್ಲಿಮ್ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲನ್ನೇ ಹತ್ತಿಲ್ಲ, ಇಲ್ಲವೇ ಅರ್ಧದಲ್ಲೇ ಬಿಟ್ಟಿದ್ದಾರೆ.

ವರದಿ ಬಂದಾಗ ನಾವು ಸರಕಾರವನ್ನು ಟೀಕಿಸಿದೆವು. ಟೀಕಿಸಬೇಕಾದದ್ದೇ. ಶಿಕ್ಷಕರು ನಿವೃತ್ತರಾದಾಗ ಆ ಜಾಗಕ್ಕೆ ಅತಿಥಿ ಶಿಕ್ಷಕರನ್ನು ನೇಮಿಸಿ ಕೈತೊಳೆದುಕೊಳ್ಳುವ ಪರಿಪಾಠವನ್ನೂ ನಾವು ಪ್ರಶ್ನಿಸಲೇಬೇಕು. 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯಾದರೂ 14ನೇ ವಯಸ್ಸಿನವರೆಗಿನ ಮಕ್ಕಳಿಗೆ. ನಮ್ಮ ಹುಡುಗಿಯರು ಶಾಲೆ ಬಿಡುವುದು ಹೆಚ್ಚಾಗಿ ಅದೇ ವಯಸ್ಸಿನ ಆಸುಪಾಸಿನಲ್ಲಿ. ಕಾನೂನಿನ ಕೈ ಬಿಟ್ಟಲ್ಲಿಂದ ಸಮುದಾಯದ ಕೈ ಹಿಡಿಯಬೇಕಿತ್ತು. ಆದರೆ ನಾವು ಮದುವೆಗೆ ಚಪ್ಪರ ಹಾಕಿಸಿದೆವು. ಟೀಚರ್ ಒಬ್ಬರೇ ಮನೆ ಮನೆ ಅಲೆದರು. ಕೆಲವು ಮನೆಗಳ ಬಾಗಿಲು ಅವರ ಮುಖಕ್ಕೆ ಮುಚ್ಚಿದ್ದೂ ಉಂಟು. ಆ ಮನೆಗಳವರೂ ಇಂದು ಈ ಸಭೆಯಲ್ಲಿದ್ದಾರೆ. ನಾನು ಯಾರನ್ನೂ ದೂಷಿಸಲು ಹೊರಟಿಲ್ಲ. ಅಂದು ಅವರನ್ನು ಬೆಂಬಲಿಸಿ ಒಂದು ಮಾತನಾಡದ ನಾವೆಲ್ಲರೂ ಇದರಲ್ಲಿ ಪಾಲುದಾರರು.

ನಿನ್ನೆ ಟೀಚರನ್ನು ಕಂಡು, ಸಮಾರಂಭದ ಬಗ್ಗೆ ತಿಳಿಸಿದೆ. ಅವರು ಶಾಲಿನ ವಿಚಾರ ಎತ್ತಲಿಲ್ಲ. ಆ ಪುಸ್ತಕವನ್ನು ತಂದು ತೋರಿಸಿ, "ಇದರಲ್ಲಿ ಇನ್ನೂ ಹನ್ನೊಂದು ಹೆಸರುಗಳಿವೆ. ಇದನ್ನು ಯಾರ ಕೈಗೆ ಕೊಡಲಿ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನನ್ನ ವಿನಂತಿ ಇಷ್ಟೇ. ಜಮಾಅತಿನಲ್ಲಿ ಚಂದಾದ ಪುಸ್ತಕವಿದೆ, ನಿಕಾಹ್‌ನ ಪುಸ್ತಕವಿದೆ. ಶಾಲೆ ಬಿಟ್ಟ ಮಕ್ಕಳದ್ದೂ ಒಂದು ಪುಸ್ತಕವಿರಲಿ. ಇಬ್ಬರು ಯುವಕರು, ಇಬ್ಬರು ವಿದ್ಯಾವಂತ ಸಹೋದರಿಯರು ಅದರ ಹೊಣೆ ಹೊರಲಿ. ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಲಿ. ಆ ಹನ್ನೊಂದು ಮಕ್ಕಳು ಶಾಲೆಗೆ ಮರಳಿದ ದಿನ ಟೀಚರ್‌ಗೆ ನಿಜವಾದ ಸನ್ಮಾನವಾಗುತ್ತದೆ.

ಪ್ರಯೋಜನಕಾರಿ ಜ್ಞಾನದ ಪ್ರತಿಫಲವು ಮರಣಾನಂತರವೂ ಮುಂದುವರಿಯುತ್ತದೆಂದು ಪ್ರವಾದಿಯವರು(ಸ) ಕಲಿಸಿದ್ದಾರೆ. ಅಲ್ಲಾಹನು ಟೀಚರ್‌ರ ಸೇವೆಯನ್ನು ಸ್ವೀಕರಿಸಲಿ, ಅವರಿಗೆ ಆರೋಗ್ಯಪೂರ್ಣ ದೀರ್ಘಾಯುಷ್ಯವನ್ನು ದಯಪಾಲಿಸಲಿ, ಅವರು ಆರಂಭಿಸಿದ ಕೆಲಸವನ್ನು ಮುಂದುವರಿಸುವ ಧೈರ್ಯವನ್ನು ನಮಗೆ ನೀಡಲಿ. ಆಮೀನ್.