ಕಡಲೆಕಾಯಿ ಪೊಟ್ಟಣದಲ್ಲೊಂದು ಹೆಸರು

ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿದ್ದೀರಾ ಮಕ್ಕಳೇ? ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡಬಸವಣ್ಣನ ಗುಡಿಯ ಸುತ್ತಮುತ್ತ ಎಲ್ಲಿ ನೋಡಿದರೂ ಕಡಲೆಕಾಯಿ ರಾಶಿ. ಹೋದ ವರ್ಷ ನಾನು, ನನ್ನ ತಂಗಿಯ ಮಗಳು ಪುಟ್ಟಿ ಇಬ್ಬರೂ ಹೋಗಿದ್ದೆವು. ಹುರಿದ ಕಾಯಿ ಒಂದು ಪೊಟ್ಟಣ ಕೊಂಡು, ಸಿಪ್ಪೆ ಸುಲಿಯುತ್ತಾ ತಿರುಗಾಡಿದೆವು. ಪುಟ್ಟಿಗೆ ಒಂದು ಅಭ್ಯಾಸವಿದೆ, ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಓದುತ್ತಾಳೆ. ಕಾಯಿ ಮುಗಿದ ಮೇಲೆ ಪೊಟ್ಟಣ ಬಿಡಿಸಿ ನೋಡಿದಳು.

"ದೊಡ್ಡಮ್ಮ, ಇದ್ರಲ್ಲಿ ಯಾರದೋ ರಕ್ತಪರೀಕ್ಷೆ ಇದೆ!"

ನಿಜ. ಯಾವುದೋ ಕ್ಲಿನಿಕ್ಕಿನ ಹಳೆಯ ರಿಪೋರ್ಟು. ಮೇಲೆ ಹೆಸರು, ವಯಸ್ಸು, ಬೀದಿ, ಫೋನ್ ನಂಬರು. ಕೆಳಗೆ ಸಕ್ಕರೆ ಎಷ್ಟು, ಹಿಮೋಗ್ಲೋಬಿನ್ ಎಷ್ಟು ಎಂಬ ಅಂಕಿಗಳು. ಅಂಚಿನಲ್ಲಿ ಡಾಕ್ಟರು ಪೆನ್ನಿನಲ್ಲಿ ಬರೆದ ಒಂದು ಸಾಲು. ಆ ಸಾಲಿನ ಮೇಲೆ ಕಡಲೆಕಾಯಿಯ ಕೆಂಪು ಸಿಪ್ಪೆಯೊಂದು ಅಂಟಿಕೊಂಡಿತ್ತು. ಕ್ಲಿನಿಕ್ಕಿನವರು ಹಳೆಯ ಕಾಗದವನ್ನು ರದ್ದಿಗೆ ಹಾಕಿದ್ದರು, ರದ್ದಿಯವನು ಪೊಟ್ಟಣ ಕಟ್ಟುವವರಿಗೆ ಮಾರಿದ್ದ, ಅಷ್ಟೇ. ಯಾರೂ ಕೆಟ್ಟದ್ದು ಬಯಸಿದವರಲ್ಲ. ಆದರೂ ಒಬ್ಬರ ಮೈಯೊಳಗಿನ ಸಂಗತಿ ಸಂತೆಗೆ ಬಂದುಬಿಟ್ಟಿತ್ತು.

ಆ ಹೆಸರು ನನಗೆ ಇವತ್ತಿಗೂ ನೆನಪಿದೆ. ನಿಮಗೆ ಹೇಳುವುದಿಲ್ಲ. ಕಾಗದವನ್ನು ಮಡಿಚಿ ಚೀಲದೊಳಗೆ ಇಟ್ಟುಕೊಂಡೆ.

ಬಸ್ಸಿನಲ್ಲಿ ಪುಟ್ಟಿ ಕೇಳಿದಳು: "ಶುಗರ್ ಇದ್ರೆ ಏನಾಯ್ತು? ನಮ್ಮ ತಾತನಿಗೂ ಇದೆ. ಅದ್ರಲ್ಲಿ ಮುಚ್ಚಿಡೋದೇನಿದೆ?"

"ಹೋದ ತಿಂಗಳು ನೀನು ಡಾಕ್ಟರ್ ಹತ್ರ ಒಂದು ವಿಷಯ ಹೇಳಿದೆಯಲ್ಲ, ಅದನ್ನ ನಿಮ್ಮ ಕ್ಲಾಸಲ್ಲಿ ಹೇಳಲಾ?"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅವಳು ಏನು ಹೇಳಿದ್ದಳೆಂದು ಇಲ್ಲೂ ನಾನು ಬರೆಯುವುದಿಲ್ಲ. ತಾತ ತಮ್ಮ ಶುಗರ್ ವಿಷಯವನ್ನು ಊರಿಗೆಲ್ಲ ಹೇಳಿಕೊಳ್ಳಬಹುದು, ಅದು ಅವರಿಷ್ಟ. ಬೇರೊಬ್ಬರದನ್ನು ನಾವು ಹೇಳುವ ಹಾಗಿಲ್ಲ.

ಡಾಕ್ಟರ ಕಿವಿಯಲ್ಲಿ ಸ್ಟೆತಾಸ್ಕೋಪು ಇರುತ್ತದೆ, ನಿಜ. ಆದರೆ ಕಾಯಿಲೆಯ ಅರ್ಧ ಸುಳಿವು ಸಿಗುವುದು ರೋಗಿಯ ಬಾಯಿಂದ. ಒಬ್ಬ ಹುಡುಗಿ ಯಾರಿಗೂ ಕಾಣದಂತೆ ಬಳಪ ತಿನ್ನುತ್ತಾಳೆ ಎಂದುಕೊಳ್ಳಿ. ಹೇಳಿದರೆ ಎಲ್ಲರೂ ನಗುತ್ತಾರೆಂದು ಅವಳಿಗೆ ನಾಚಿಕೆ. ಆದರೆ ಬಳಪ, ಮಣ್ಣು ತಿನ್ನಬೇಕೆನ್ನಿಸುವುದಕ್ಕೂ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗುವುದಕ್ಕೂ ಎಷ್ಟೋ ಸಲ ನಂಟಿರುತ್ತದೆ. ಅವಳು ಬಾಯಿ ಬಿಟ್ಟರೆ ಡಾಕ್ಟರು ಹಿಮೋಗ್ಲೋಬಿನ್ ನೋಡಿಸುತ್ತಾರೆ, ಮಾತ್ರೆ ಕೊಡುತ್ತಾರೆ, ಸುಸ್ತು ಹೋಗುತ್ತದೆ. ಬಾಯಿ ಬಿಡದಿದ್ದರೆ ಬರೀ ಹೊಟ್ಟೆನೋವಿನ ಔಷಧಿ ಕುಡಿದು ಮನೆಗೆ ಬರುತ್ತಾಳೆ. ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂಬ ಧೈರ್ಯ ಕೂಡ ಔಷಧಿಯ ಒಂದು ಪಾಲು ಎಂದೇ ನಾನು ನಂಬಿದ್ದೇನೆ.

ಇದು ಹೊಸ ಮಾತಲ್ಲ. ವೈದ್ಯ ವಿದ್ಯಾರ್ಥಿ ನಡೆದುಕೊಳ್ಳಬೇಕಾದ ರೀತಿಯನ್ನು ಹೇಳುವಾಗ ನಮ್ಮ ಚರಕಸಂಹಿತೆ, ರೋಗಿಯ ಮನೆಯೊಳಗಿನ ಸಂಗತಿಗಳನ್ನು ಹೊರಗೆ ಆಡಬಾರದೆಂದು ವಿಧಿಸುತ್ತದೆ. ದೂರದ ಗ್ರೀಸಿನಲ್ಲಿ ಹಿಪಾಕ್ರಟೀಸನ ಹೆಸರಿನಲ್ಲಿ ವೈದ್ಯರು ಮಾಡುತ್ತಿದ್ದ ಪ್ರತಿಜ್ಞೆಯಲ್ಲೂ ಇದೇ ನಿಯಮವಿದೆ. ಕಂಪ್ಯೂಟರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಗುಟ್ಟು ಕಾಯುವುದು ವೈದ್ಯರ ಕೆಲಸವಾಗಿತ್ತು.

ಈಗ ಒಂದು ಕ್ಲಿನಿಕ್ಕಿನೊಳಗೆ ಹೋಗೋಣ. ಮೊದಲು ಚೀಟಿ ಮಾಡಿಸಬೇಕು. ಕೌಂಟರಿನವರು ಹೆಸರು, ವಯಸ್ಸು ಕೇಳಿ ಒಂದು ನಂಬರು ಕೊಡುತ್ತಾರೆ. ಹೆಸರಿದ್ದ ಮೇಲೆ ನಂಬರು ಯಾಕೆ? ಒಂದೇ ಬೆಳಿಗ್ಗೆ ಮೂವರು ಮಂಜುನಾಥರು ಬಂದರೆ ಒಬ್ಬರ ಮಾತ್ರೆ ಇನ್ನೊಬ್ಬರ ಕೈಗೆ ಹೋಗಬಾರದಲ್ಲ! ಅದಕ್ಕೇ ರಕ್ತ ತೆಗೆದ ಸಣ್ಣ ಕೊಳವೆಯ ಮೇಲೂ ಅದೇ ನಂಬರಿನ ಚೀಟಿ ಅಂಟಿಸುತ್ತಾರೆ. ಇನ್ನೊಂದು ಉಪಯೋಗವೂ ಉಂಟು. ಕಾಯುವವರ ನಡುವೆ ಹೆಸರನ್ನೂ ಕಾಯಿಲೆಯನ್ನೂ ಕೂಗುವ ಬದಲು "ಇಪ್ಪತ್ಮೂರು ಬನ್ನಿ" ಎಂದರೆ ಸಾಕು.

ಒಳ್ಳೆಯ ಕ್ಲಿನಿಕ್ಕಿನಲ್ಲಿ ಎಲ್ಲರಿಗೂ ಎಲ್ಲವೂ ಕಾಣುವುದಿಲ್ಲ. ಕೌಂಟರಿನವರಿಗೆ ನೀವು ಯಾರು, ಎಷ್ಟು ಗಂಟೆಗೆ ಬರಬೇಕು ಎಂಬುದು ಗೊತ್ತಾದರೆ ಸಾಕು. ಲ್ಯಾಬಿನವರಿಗೆ ಯಾವ ಪರೀಕ್ಷೆ ಎಂಬುದು, ಔಷಧಿ ಕೊಡುವವರಿಗೆ ಯಾವ ಮಾತ್ರೆ ಎಷ್ಟು ದಿನ ಎಂಬುದು. ಪೂರ್ತಿ ಕಥೆ ಕೇಳಬೇಕಾದವರು ಡಾಕ್ಟರು. ಬೀರು ಒಂದೇ ಆದರೂ ಒಂದೊಂದು ಖಾನೆಗೂ ಬೇರೆ ಬೇರೆ ಬೀಗ ಇದ್ದ ಹಾಗೆ. ವಿವರಗಳನ್ನು ಕಂಪ್ಯೂಟರಿನಲ್ಲಿ ಇಟ್ಟಿದ್ದರೆ ಇನ್ನೊಂದು ಅನುಕೂಲವಿದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ ನಿಮ್ಮ ಕಡತ ತೆರೆದರು ಎಂಬುದನ್ನು ಅದು ತಾನಾಗಿಯೇ ಬರೆದಿಡುವಂತೆ ಮಾಡಬಹುದು. ಸುಮ್ಮನೆ ಕುತೂಹಲಕ್ಕೆ ಇಣುಕಿದವರೂ ಸಿಕ್ಕಿಬೀಳುತ್ತಾರೆ.

ಆದರೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಂದು ಪರದೆ, ಬಟ್ಟೆಯ ಪರದೆ. ನಮ್ಮಲ್ಲಿ ಎಷ್ಟೋ ಕಡೆ ಡಾಕ್ಟರ ಮೇಜಿನ ಸುತ್ತ ಐದಾರು ಜನ ನಿಂತಿರುತ್ತಾರೆ. ಒಬ್ಬರು ಅಂಗಿ ಎತ್ತಿ ಬೆನ್ನು ತೋರಿಸುತ್ತಿದ್ದರೆ ಉಳಿದವರು ನೋಡುತ್ತಿರುತ್ತಾರೆ. ಲಕ್ಷ ರೂಪಾಯಿಯ ಕಂಪ್ಯೂಟರು ತಂದು ಪರದೆಯನ್ನೇ ಕಟ್ಟದಿದ್ದರೆ ಗುಟ್ಟು ಉಳಿಯುವುದಾದರೂ ಹೇಗೆ?

ಇನ್ನು ಕಂಪ್ಯೂಟರಿನ ಬೀಗದ ವಿಷಯ. ಇದನ್ನು ನೀವೇ ಆಡಿ ನೋಡಬಹುದು. ಕ, ಖ, ಗ, ಘ ಎಂದು ವರ್ಣಮಾಲೆಯ ವ್ಯಂಜನಗಳನ್ನು ಸಾಲಾಗಿ ಬರೆದುಕೊಳ್ಳಿ. ಪ್ರತಿ ಅಕ್ಷರದ ಬದಲು ಅದರಿಂದ ಮೂರು ಮನೆ ಮುಂದಿನ ಅಕ್ಷರ ಬರೆಯಿರಿ. 'ಕಫ' ಎಂದು ಬರೆಯಬೇಕಾದರೆ? ಕ ಬಿಟ್ಟು ಮೂರು ಎಣಿಸಿದರೆ ಘ. ಫ ಬಿಟ್ಟು ಮೂರು ಎಣಿಸಿದರೆ ಮ. ಕಫ ಹೋಗಿ 'ಘಮ' ಆಯಿತು! ಡಾಕ್ಟರು 'ಕಫ' ಎಂದು ಬರೆದದ್ದನ್ನು ಕದ್ದು ಓದಿದವರು ಮಲ್ಲಿಗೆಯ ಮಾತು ಎಂದುಕೊಂಡಾರು. ರೋಮಿನ ಜೂಲಿಯಸ್ ಸೀಸರ್ ಹೀಗೆಯೇ ಅಕ್ಷರಗಳನ್ನು ಮೂರು ಮನೆ ಜಾರಿಸಿ ಗುಟ್ಟಿನ ಪತ್ರ ಬರೆಯುತ್ತಿದ್ದನಂತೆ. ಕನ್ನಡದ 'ಸಿರಿಭೂವಲಯ'ವಂತೂ ಇನ್ನೂ ಬೆರಗು. ಕುಮುದೇಂದು ಮುನಿಯ ಆ ಗ್ರಂಥದಲ್ಲಿ ಅಕ್ಷರವೇ ಇಲ್ಲ. 27 ಅಡ್ಡ, 27 ಉದ್ದದ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು ತುಂಬಿವೆ. ಯಾವ ಅಂಕಿಗೆ ಯಾವ ಅಕ್ಷರ, ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕು ಎಂಬ ದಾರಿ ತಿಳಿದವರಿಗೆ ಮಾತ್ರ ಓದಲು ಸಿಗುತ್ತದೆ.

ನಮ್ಮ 'ಘಮ' ಆಟದಲ್ಲಿ ಕೀಲಿ ಎಂದರೆ 'ಮೂರು' ಎಂಬ ಸಂಖ್ಯೆ. ಈ ಬೀಗ ಗಟ್ಟಿಯಲ್ಲ. ಕನ್ನಡದ ವ್ಯಂಜನಗಳು 34, ಅಂದರೆ 33 ಸಲ ಪ್ರಯತ್ನಿಸಿದರೆ ಯಾರು ಬೇಕಾದರೂ ಒಡೆಯಬಹುದು. ಇವತ್ತಿನ ಕಂಪ್ಯೂಟರುಗಳು ಬಳಸುವ ಬೀಗಗಳಲ್ಲಿ ಒಂದರ ಹೆಸರು ಎಇಎಸ್. ಬೆಲ್ಜಿಯಂನ ಯೋಆನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ ಈ ವಿಧಾನವನ್ನು 2001ರಲ್ಲಿ ಅಮೆರಿಕ ತನ್ನ ಅಧಿಕೃತ ವಿಧಾನವಾಗಿ ಒಪ್ಪಿಕೊಂಡಿತು. ಇದರ ಅತಿ ಚಿಕ್ಕ ಕೀಲಿಯಲ್ಲೂ 128 ಮನೆಗಳಿವೆ. ಒಂದೊಂದು ಮನೆಯಲ್ಲೂ ಸೊನ್ನೆ ಇರಬಹುದು, ಇಲ್ಲವೇ ಒಂದು. ಒಂದು ಮನೆಯಿದ್ದರೆ 2 ಕೀಲಿ, ಎರಡಿದ್ದರೆ 4, ಮೂರಿದ್ದರೆ 8. ಚದುರಂಗದ ಮಣೆಯ ಮನೆಮನೆಗೂ ಕಾಳು ದುಪ್ಪಟ್ಟು ಮಾಡುತ್ತಾ ಹೋದ ಕಥೆ ಕೇಳಿದ್ದೀರಲ್ಲ? ಅಲ್ಲಿ ಇದ್ದದ್ದು 64 ಮನೆ. ಇಲ್ಲಿ ಅಂಥ ಎರಡು ಮಣೆ. ಒಟ್ಟು ಕೀಲಿಗಳ ಸಂಖ್ಯೆ ಬರೆದರೆ 39 ಅಂಕಿ ಉದ್ದ ಬರುತ್ತದೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿ ಹಾಕಿ ನೋಡುವ ಯಂತ್ರವಿದ್ದರೂ ಎಲ್ಲವನ್ನೂ ಮುಗಿಸಲು ಈ ವಿಶ್ವದ ವಯಸ್ಸಿನ 70 ಕೋಟಿ ಪಟ್ಟಿಗಿಂತ ಹೆಚ್ಚು ಕಾಲ ಬೇಕು.

ಹಾಗಾಗಿ ಕಳ್ಳರು ಬೀಗವನ್ನು ಒಡೆಯಲು ಹೋಗುವುದಿಲ್ಲ, ಕೀಲಿಯನ್ನೇ ಹುಡುಕುತ್ತಾರೆ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದ್ದನ್ನು ನಾನೇ ಒಂದು ಕಡೆ ಕಣ್ಣಾರೆ ಕಂಡಿದ್ದೇನೆ. 39 ಅಂಕಿಯ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು.

ಗುಟ್ಟು ಎಂದರೆ ಯಾರಿಗೂ ಏನೂ ಹೇಳಬಾರದು ಎಂದಲ್ಲ. ನಿಮಗೆ ಡೆಂಗಿ ಬಂದರೆ ಡಾಕ್ಟರು ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ, ತಿಳಿಸಲೇಬೇಕು. ಆಗ ಆರೋಗ್ಯ ಕಾರ್ಯಕರ್ತರು ನಿಮ್ಮ ಬೀದಿಗೆ ಬಂದು ಡ್ರಮ್ಮು, ತೊಟ್ಟಿಗಳಲ್ಲಿ ಸೊಳ್ಳೆಮರಿ ಇವೆಯೇ ಎಂದು ನೋಡುತ್ತಾರೆ. ಆದರೆ ಇಡೀ ಬೀದಿಯ ತೊಟ್ಟಿಗಳನ್ನು ನೋಡುವುದಕ್ಕೆ ಯಾರ ಮನೆಯಲ್ಲಿ ಜ್ವರ ಎಂದು ಬೀದಿಗೆ ಸಾರಬೇಕಾಗಿಲ್ಲ.

ವಿಜ್ಞಾನಿಗಳಿಗೂ ರೋಗಿಗಳ ವಿವರ ಬೇಕಾಗುತ್ತದೆ. ಯಾವ ಊರಲ್ಲಿ ಯಾವ ಕಾಯಿಲೆ ಹೆಚ್ಚು, ಯಾವ ಔಷಧಿ ಕೆಲಸ ಮಾಡಿತು ಎಂದು ತಿಳಿಯುವುದು ಹಾಗೆಯೇ. ಅಂಥ ಪಟ್ಟಿ ಕೊಡುವಾಗ ಹೆಸರು ಅಳಿಸಿ ಕೊಟ್ಟರೆ ಸಾಕಲ್ಲ? ಪುಟ್ಟಿಯೂ ಹಾಗೇ ಅಂದುಕೊಂಡಳು. ಮನೆಗೆ ಬಂದವಳೇ ಆ ಪೊಟ್ಟಣದ ಕಾಗದ ಇಸಕೊಂಡು, ಹೆಸರಿದ್ದ ಮೂಲೆಯನ್ನಷ್ಟೇ ಹರಿದು, "ಈಗ ಸರಿಹೋಯ್ತು" ಎಂದಳು. ನಾನು ಅವಳಿಗೆ ಲಟಾನ್ಯಾ ಸ್ವೀನಿಯ ಕಥೆ ಹೇಳಿದೆ.

1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸರ್ಕಾರಿ ನೌಕರರ ಆಸ್ಪತ್ರೆ ವಿವರಗಳನ್ನು ಸಂಶೋಧನೆಗೆಂದು ಕೊಟ್ಟರು. ಹೆಸರು, ವಿಳಾಸ ಎಲ್ಲ ತೆಗೆದಿದ್ದರು. ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬುದು, ಅಂಚೆ ಪಿನ್‌ಕೋಡು ಉಳಿಸಿದ್ದರು. ಅದರಿಂದ ಯಾರ ಗುಟ್ಟೂ ಹೊರಬೀಳದೆಂದು ಗವರ್ನರ್ ವಿಲಿಯಂ ವೆಲ್ಡ್ ಭರವಸೆ ಕೊಟ್ಟಿದ್ದರು. ಸ್ವೀನಿ ಆಗಿನ್ನೂ ವಿದ್ಯಾರ್ಥಿನಿ. ಗವರ್ನರ್ ವಾಸವಿದ್ದ ಕೇಂಬ್ರಿಡ್ಜ್ ನಗರದ ಮತದಾರರ ಪಟ್ಟಿಯನ್ನು ಆಕೆ 20 ಡಾಲರ್ ಕೊಟ್ಟು ಕೊಂಡರು. ಅದರಲ್ಲಿ ಹೆಸರಿನ ಜೊತೆಗೆ ಹುಟ್ಟಿದ ದಿನಾಂಕವೂ ಪಿನ್‌ಕೋಡೂ ಇದ್ದವು. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಗವರ್ನರ್ ಹುಟ್ಟಿದ ದಿನವೇ ಹುಟ್ಟಿದವರು ಆ ನಗರದಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ಆ ಮೂವರಲ್ಲಿ ಗವರ್ನರರ ಪಿನ್‌ಕೋಡಿನಲ್ಲಿ ಇದ್ದವರು ಒಬ್ಬರೇ. ಭರವಸೆ ಕೊಟ್ಟವರ ಆಸ್ಪತ್ರೆ ವಿವರವೇ ಆಕೆಯ ಕೈಗೆ ಸಿಕ್ಕಿತ್ತು!

"ಅದು ಹೇಗೆ ಒಬ್ಬರೇ ಉಳೀತಾರೆ?" ಎಂದಳು ಪುಟ್ಟಿ. ಕಾಗದ, ಪೆನ್ಸಿಲ್ ತಂದೆವು. ನೀವೂ ಲೆಕ್ಕ ಹಾಕಿ. ಒಂದು ಪಿನ್‌ಕೋಡಿನಲ್ಲಿ 20,000 ಜನ ಇದ್ದಾರೆ ಎಂದುಕೊಳ್ಳೋಣ. ಒಂದೊಂದು ಹುಟ್ಟಿದ ದಿನಕ್ಕೂ ಒಂದೊಂದು ಪಾರಿವಾಳದ ಗೂಡು ಮಾಡೋಣ. ವರ್ಷಕ್ಕೆ 365 ದಿನ, ಸುಮಾರು 70 ವರ್ಷದ ವಯಸ್ಸುಗಳು, ಒಟ್ಟು 25,550 ಗೂಡು. ಗಂಡಿಗೆ ಬೇರೆ, ಹೆಣ್ಣಿಗೆ ಬೇರೆ ಎಂದರೆ 51,100. ಪಾರಿವಾಳ 20,000, ಗೂಡು 51,100! ಹೆಚ್ಚಿನ ಪಾರಿವಾಳಗಳು ತಮ್ಮ ಗೂಡಿನಲ್ಲಿ ಒಂಟಿ. ಗೂಡು ಗೊತ್ತಾದರೆ ಪಾರಿವಾಳವೂ ಗೊತ್ತಾದಂತೆ. ಅಮೆರಿಕದ ಜನರಲ್ಲಿ ಸುಮಾರು ನೂರಕ್ಕೆ 87 ಮಂದಿಯನ್ನು ಈ ಮೂರೇ ವಿವರಗಳಿಂದ ಗುರುತಿಸಬಹುದು ಎಂದು ಸ್ವೀನಿ ಆಮೇಲೆ ಅಂದಾಜು ಮಾಡಿದರು.

ಮದ್ದೂ ಅದೇ ಲೆಕ್ಕದಲ್ಲಿದೆ, ಗೂಡುಗಳನ್ನು ದೊಡ್ಡದು ಮಾಡಬೇಕು. ಹುಟ್ಟಿದ ದಿನಾಂಕದ ಬದಲು 'ಹತ್ತರಿಂದ ಹದಿನೈದು ವರ್ಷ', ಪಿನ್‌ಕೋಡಿನ ಬದಲು ಜಿಲ್ಲೆ ಎಂದು ಬರೆದರೆ ಒಂದೊಂದು ಗೂಡಿನಲ್ಲೂ ಸಾವಿರಾರು ಪಾರಿವಾಳ. ಯಾವುದು ಯಾರದೆಂದು ಹೇಳುವುದು ಕಷ್ಟ. ಕಾಯಿಲೆಯ ಲೆಕ್ಕವೂ ಸಿಗುತ್ತದೆ, ಮುಖವೂ ಕಾಣುವುದಿಲ್ಲ. ನನಗಂತೂ ಗಣಿತದ ಬಗ್ಗೆ ಇಷ್ಟೊಂದು ಪ್ರೀತಿ ಹುಟ್ಟಿದ್ದು ಈ ಉಪಾಯ ಓದಿದ ದಿನ.

ನಮ್ಮ ದೇಶದ ಕಾನೂನಿನಲ್ಲಿ ಗುಟ್ಟು ಕಾಯುವ ಈ ಮಾತಿಗೆ ಬಲ ಬಂದ ಕಥೆಯಲ್ಲಿ ಬೆಂಗಳೂರಿನ ಹಿರಿಯರೊಬ್ಬರಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದರು. ಪ್ರತಿಯೊಬ್ಬರ ಎಂದರೆ ನಿಮ್ಮದೂ. 2023ರಲ್ಲಿ ಸಂಸತ್ತು ಕಂಪ್ಯೂಟರಿನಲ್ಲಿರುವ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾಯಿದೆಯನ್ನೂ ಮಾಡಿತು. ಈಗ ಆಸ್ಪತ್ರೆಗಳಲ್ಲಿ 'ಆಭಾ' ಎಂಬ 14 ಅಂಕಿಯ ಆರೋಗ್ಯ ಸಂಖ್ಯೆ ಮಾಡಿಸಿಕೊಡುತ್ತಾರೆ. ಅದರ ಮೂಲಕ ಒಂದು ಆಸ್ಪತ್ರೆಯ ರಿಪೋರ್ಟು ಇನ್ನೊಂದಕ್ಕೆ ಹೋಗಬೇಕಾದರೆ ರೋಗಿಯ ಒಪ್ಪಿಗೆ ಬೇಕು. ಅಪ್ಪ ಅಮ್ಮನ ಫೋನಿಗೆ ಬರುವ ಓಟಿಪಿ ಆ ಬೀಗದ ಕೀಲಿ. ಯಾರೋ ಫೋನಿನಲ್ಲಿ ಕೇಳಿದರೆಂದು ಹೇಳಿಬಿಡಬೇಡಿ.

ಕಥೆ ಮುಗಿಯುವ ಹೊತ್ತಿಗೆ ಪುಟ್ಟಿ ಆ ಕಾಗದವನ್ನು ಮತ್ತೆ ಕೈಗೆ ತೆಗೆದುಕೊಂಡಿದ್ದಳು. ಹೆಸರಿನ ಮೂಲೆ ಹೋಗಿತ್ತು, ಆದರೆ ವಯಸ್ಸು ಇತ್ತು, ಬೀದಿ ಇತ್ತು, ಫೋನ್ ನಂಬರೂ ಇತ್ತು. "ಇದೆಲ್ಲ ಇದ್ರೆ ಹೆಸರು ಹರಿದು ಏನು ಪ್ರಯೋಜನ!" ಎಂದು ಅದನ್ನು ಚೂರುಚೂರು ಮಾಡಿದಳು. ಆಮೇಲೆ ಅಲ್ಮೇರಾದ ಖಾನೆಯಿಂದ ನಮ್ಮ ಮನೆಯ ಹಳೆಯ ಚೀಟಿ, ಬಿಲ್ಲುಗಳನ್ನೂ ತಂದು ಹರಡಿದಳು. ಡಾಕ್ಟರಿಗೆ ಮತ್ತೆ ತೋರಿಸಬೇಕಾದವನ್ನು ನಾನು ತೆಗೆದಿಟ್ಟೆ. ಉಳಿದವನ್ನು ಇಬ್ಬರೂ ಕೂತು ಹರಿದೆವು. ಅಜ್ಜಿ ಬಂದು ನೋಡಿ, ಒಂದು ಬಕೆಟ್ಟಿನಲ್ಲಿ ನೀರು ತಂದು ಚೂರುಗಳನ್ನೆಲ್ಲ ಅದರೊಳಗೆ ಸುರಿದರು. ಇನ್ನೊಂದು ಪಾತ್ರೆಯಲ್ಲಿ ಮೆಂತ್ಯ ನೆನೆಹಾಕಿದರು. ಮೂರು ದಿನದ ಮೇಲೆ ಎರಡನ್ನೂ ಸೇರಿಸಿ ನುಣ್ಣಗೆ ರುಬ್ಬಿ, ಬೋರಲು ಹಾಕಿದ ಪಾತ್ರೆಯ ಮೇಲೆ ಮೆತ್ತಿ ಬಿಸಿಲಿಗಿಟ್ಟರು. ಈಗ ನಮ್ಮ ಅಡುಗೆಮನೆಯಲ್ಲಿ ಬೂದುಬಣ್ಣದ ಒಂದು ಗಟ್ಟಿ ಬುಟ್ಟಿಯಿದೆ, ಅದರ ತುಂಬ ಹಸಿ ಕಡಲೆಕಾಯಿ.