ತಕ್ಕಡಿಗೆ ಕಾಣದ ಬೆಲೆ: ನಮ್ಮ ಬೆಳ್ಳಿ ರೂಪಾಯಿಗಳು

(ಜಯನಗರ, ಬನಶಂಕರಿ, ಜೆ.ಪಿ. ನಗರ ಮತ್ತು ಬಿಟಿಎಂ ಲೇಔಟಿನ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)

ಚಿನ್ನದ ಲೆಕ್ಕ ನಮಗೆಲ್ಲ ಬಾಯಿಪಾಠ. ತವರಿನಿಂದ ಎಷ್ಟು ತಂದೆ, ಗಂಡನ ಮನೆಯವರು ಎಷ್ಟು ಅಡವಿಟ್ಟರು, ಎಷ್ಟು ಬಿಡಿಸಿಕೊಟ್ಟರು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇವೆ. ಬೆಳ್ಳಿ ನಾಣ್ಯದ ಮಾತು ಬಂದರೆ ಮಾತ್ರ "ಅಜ್ಜಿ ಕೊಟ್ಟ ಒಂದು ಹಿಡಿ ರಾಣಿ ರೂಪಾಯಿ ಇದೆ" ಎಂದು ಸುಮ್ಮನಾಗುತ್ತೇವೆ. ಆ ಒಂದು ಹಿಡಿಯ ಬಗ್ಗೆಯೇ ಇಂದು ನನ್ನ ಮಾತು.

ಒಂದು ನಾಣ್ಯಕ್ಕೆ ಮೂರು ಬೆಲೆ ಇರಬಹುದು. ಕೊಳ್ಳುವಾಗ ನಾವು ತೆತ್ತದ್ದು ಒಂದು. ಕರಗಿಸಿದರೆ ಸಿಗುವ ಬೆಳ್ಳಿಯದು ಇನ್ನೊಂದು. ನಾಣ್ಯ ಸಂಗ್ರಹಿಸುವವರು ಕೊಡುವುದು ಮೂರನೆಯದು.

ವರಮಹಾಲಕ್ಷ್ಮಿ ಹಬ್ಬಕ್ಕೆ ಕೊಳ್ಳುವ ಲಕ್ಷ್ಮಿ ನಾಣ್ಯವನ್ನೇ ನೋಡಿ. ಅದು ಸರ್ಕಾರದ ನಾಣ್ಯವಲ್ಲ, ನಾಣ್ಯದ ಆಕಾರದ ಬೆಳ್ಳಿ ಬಿಲ್ಲೆ. ಕೊಳ್ಳುವಾಗ ಬೆಳ್ಳಿಯ ಬೆಲೆಯ ಮೇಲೆ ಮಜೂರಿ, ನೂರಕ್ಕೆ 3ರಂತೆ ಜಿ.ಎಸ್.ಟಿ. ಸೇರುತ್ತದೆ. ಮಾರುವಾಗ ಲೋಹದ ಬೆಲೆ ಮಾತ್ರ. ಕೇಂದ್ರ ಸರ್ಕಾರ ಹೊರಡಿಸುವ ಸ್ಮರಣಾರ್ಥ 100 ರೂಪಾಯಿ ನಾಣ್ಯಗಳನ್ನೂ ವಿಚಾರಿಸಿಯೇ ಕೊಳ್ಳಿ. ಬಹಳ ವರ್ಷ ಅವು 35 ಗ್ರಾಂ ತೂಗುತ್ತಿದ್ದರೂ ಅರ್ಧ ಮಾತ್ರ ಬೆಳ್ಳಿ, ಉಳಿದದ್ದು ತಾಮ್ರ, ನಿಕಲ್, ಸತು.

ಈಗ ಅಜ್ಜಿಯ ರೂಪಾಯಿಗೆ ಬರೋಣ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. 1939ರವರೆಗಿನದರಲ್ಲಿ 12 ಪಾಲಿಗೆ 11 ಪಾಲು ಬೆಳ್ಳಿ. ಯುದ್ಧದ ಕಾಲದಲ್ಲಿ, 1940ರಿಂದ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು, ತೂಕ ಅಷ್ಟೇ ಇಟ್ಟರು. ಹಿಂಬದಿಯಲ್ಲಿ ಹುಲಿ ಇರುವ 1947ರ ರೂಪಾಯಿಯಲ್ಲಿ ಬೆಳ್ಳಿ ಚೂರೂ ಇಲ್ಲ, ಬರೀ ನಿಕಲ್. ಅದು ಅಯಸ್ಕಾಂತಕ್ಕೆ ಅಂಟುತ್ತದೆ, ಬೆಳ್ಳಿ ಅಂಟುವುದಿಲ್ಲ.

ಇದರಲ್ಲಿ ಮೋಸಕ್ಕೆ ದಾರಿ ಇದೆ. 20 ಹಳೆಯ ರೂಪಾಯಿ ಕೊಟ್ಟು ಕಳಿಸಿದ ತವರಿನವರು ಪಟ್ಟಿಯಲ್ಲಿ "ಬೆಳ್ಳಿ 233 ಗ್ರಾಂ" ಎಂದಷ್ಟೇ ಬರೆದರು ಎನ್ನಿ. ಸಂಬಂಧ ಮುರಿದಾಗ ಆ ಕಡೆಯವರು 1940ರ ನಂತರದ 20 ರೂಪಾಯಿ ತಂದು ತಕ್ಕಡಿಗೆ ಹಾಕಿದರೆ ತೂಕ ಸರಿಯಾಗಿಯೇ ಇರುತ್ತದೆ. ಮೊದಲಿನದರಲ್ಲಿ ಸುಮಾರು 214 ಗ್ರಾಂ ಬೆಳ್ಳಿ ಇತ್ತು, ಇದರಲ್ಲಿ 117 ಗ್ರಾಂ ಕೂಡ ಇಲ್ಲ. ನ್ಯಾಯ ಕೇಳಲು ಹೋದ ಹೆಣ್ಣುಮಗಳ ಕೈಯಲ್ಲಿ ಕಾಗದವಿದ್ದೂ ಇಲ್ಲದಂತೆ.

ಕೆಲವು ನಾಣ್ಯಗಳಿಗೆ ಲೋಹಕ್ಕಿಂತ ಹೆಚ್ಚು ಬೆಲೆ. ಐದನೇ ಜಾರ್ಜನ 1911ರ ರೂಪಾಯಿಯಲ್ಲಿ ಅವನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಜನ ಗಲಾಟೆ ಮಾಡಿದ್ದರಿಂದ ಚಿತ್ರವನ್ನೇ ತಿದ್ದಬೇಕಾಯಿತು. ಅದನ್ನು ಸಂಗ್ರಹಕಾರರು ಹುಡುಕುತ್ತಾರೆ. ಆರನೇ ಜಾರ್ಜನ 1939ರ ರೂಪಾಯಿ ಇನ್ನೂ ಅಪರೂಪ, ಆದ್ದರಿಂದ ನಕಲಿಯೂ ಇದೆ. ಆದರೆ ಹಳೆಯದೆಲ್ಲ ಅಪರೂಪವಲ್ಲ. ಸಾಮಾನ್ಯ ಇಸವಿಯ ಸವೆದ ರಾಣಿ ರೂಪಾಯಿಗೆ ಬೆಳ್ಳಿಯ ಬೆಲೆಗಿಂತ ಬಹಳ ಹೆಚ್ಚೇನೂ ಸಿಗುವುದಿಲ್ಲ. ಇಸವಿ, ಟಂಕಸಾಲೆಯ ಗುರುತು, ಸವೆತ ಇವುಗಳಿಂದ ಬೆಲೆ ಕಟ್ಟುತ್ತಾರೆ. ಹಬ್ಬಕ್ಕೆಂದು ಹುಣಸೆಹಣ್ಣು ಹಾಕಿ ಉಜ್ಜಿದರೆ, ಸರಕ್ಕೆಂದು ಕೊಂಡಿ ಬೆಸುಗೆ ಹಾಕಿಸಿದರೆ ಆ ಬೆಲೆ ಬಿದ್ದುಹೋಗುತ್ತದೆ. ಪೂಜೆಗೆ ಹೊಸ ಬಿಲ್ಲೆ ಇಡಿ, ಹಳೆಯದನ್ನು ಹಾಗೇ ಬಿಡಿ.

ಸಾಲಕ್ಕೆ ಇಡುವಾಗಲೂ ಇದು ನೆನಪಿರಲಿ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿರ್ದೇಶನದಂತೆ ಒಬ್ಬರು 500 ಗ್ರಾಂವರೆಗೆ ಬೆಳ್ಳಿ ನಾಣ್ಯ ಅಡವಿಡಬಹುದು. ಬೆಲೆ ಕಟ್ಟುವುದು ಲೋಹಕ್ಕೆ ಮಾತ್ರ. ಅಪರೂಪದ ನಾಣ್ಯವನ್ನು ಅಲ್ಲಿಗೆ ಒಯ್ಯುವ ಮೊದಲು ನಾಣ್ಯ ಬಲ್ಲ ಇಬ್ಬರಿಗೆ ತೋರಿಸಿ. ಕೊಂಡುಕೊಳ್ಳುವ ಒಬ್ಬರ ಮಾತನ್ನೇ ನಂಬಬೇಡಿ.

ಕಾನೂನು ನಮ್ಮ ಕಡೆ ಇದೆ. 1985ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಗಂಡನ ಮನೆಯಲ್ಲಿ ಇಟ್ಟ ಮಾತ್ರಕ್ಕೆ ಸ್ತ್ರೀಧನ ಅವರದಾಗುವುದಿಲ್ಲ, ವಾಪಸು ಕೊಡದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಂತೆ ಸ್ತ್ರೀಧನ ಹಿಂದಿರುಗಿಸಲು ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ವರದಕ್ಷಿಣೆ ಕಾಯಿದೆಯ 1985ರ ನಿಯಮಗಳು ಉಡುಗೊರೆಗಳ ಪಟ್ಟಿ ಬರೆದು ಸಹಿ ಮಾಡಬೇಕೆನ್ನುತ್ತವೆ. ವಧುವಿನ ಪಟ್ಟಿ ವಧುವಿನ ಕೈಯಲ್ಲೇ ಇರಬೇಕು. ಆದರೆ ಏನನ್ನು ವಾಪಸು ಕೊಡಿಸಬೇಕು ಎಂದು ಕೋರ್ಟಿಗೆ ತೋರಿಸಬೇಕಾದವರು ನಾವೇ.

ಸೋದರಿಯರೇ, ಪಟ್ಟಿ ಮಾಡುವುದೆಂದರೆ ವರದಕ್ಷಿಣೆ ಒಪ್ಪಿದಂತಲ್ಲ. ಕೇಳಿದವರಿಗೆ ಒಂದು ಕಾಸೂ ಕೊಡಬೇಡಿ. ಅಮ್ಮ, ಅಜ್ಜಿ ಪ್ರೀತಿಯಿಂದ ಕೊಟ್ಟದ್ದನ್ನು ಮಾತ್ರ ಬಿಟ್ಟುಕೊಡಬೇಡಿ. ಮುಂದಿನ ವಾರದ ಉಳಿತಾಯದ ಸಭೆಗೆ ಒಂದೊಂದು ನೋಟುಬುಕ್ಕು ತನ್ನಿ. ಎಷ್ಟು ನಾಣ್ಯ, ಯಾವ ರಾಜನದು, ಯಾವ ಇಸವಿ, ಒಂದೊಂದರ ತೂಕ, ಕೊಟ್ಟವರು ಯಾರು ಎಂದು ಬರೆಯೋಣ. ಎರಡೂ ಮುಖದ ಫೋಟೋ ತೆಗೆಯೋಣ. ಅಕ್ಷರ ಬಾರದವರಿಗೆ ಬಲ್ಲವರು ಬರೆದುಕೊಡಿ. ಒಂದು ಪ್ರತಿ ತವರಿನಲ್ಲಿ ಇಲ್ಲವೇ ನಂಬಿಕೆಯ ಗೆಳತಿಯ ಬಳಿ ಇರಲಿ. ಬೀರುವಿನ ಬೀಗದ ಕೈ ಯಾರ ಸೊಂಟದಲ್ಲಿದ್ದರೂ ಲೆಕ್ಕ ನಮ್ಮ ಕೈಯಲ್ಲಿರಲಿ.